ಇಕೋ ವ್ಯಾನಿನೊಳಗೆ ಬುಲೆಟ್ ಹಿಡಿಸಿದ ನನ್ನ ಅನುಭವ

ಬೆಳಗಾವಿಯಲ್ಲಿ ನಾನು ಹಳೆಯ ಬೈಕುಗಳನ್ನು, ಮುಖ್ಯವಾಗಿ ಯೆಜ್ಡಿ, ಆರ್‌ಎಕ್ಸ್ 100 ಮತ್ತು ಹಳೆಯ ಬುಲೆಟ್‌ಗಳನ್ನು, ಪೂರ್ತಿ ಬಿಚ್ಚಿ ಮತ್ತೆ ಕಟ್ಟುವ ಕೆಲಸ ಮಾಡುತ್ತೇನೆ. ಒಳ್ಳೆಯ ಗಾಡಿಗಳು ಪೇಟೆಯಲ್ಲಿ ಸಿಗುವುದಿಲ್ಲ. ಅಥಣಿ, ಜಮಖಂಡಿ, ತಾಳಿಕೋಟೆ, ಸಿಂದಗಿಯ ಕಡೆ ಯಾರದೋ ದನದ ಕೊಟ್ಟಿಗೆಯಲ್ಲಿ ಕಣಿಕೆಯ ರಾಶಿಗೆ ಒರಗಿ ನಿಂತಿರುತ್ತವೆ. ಅವನ್ನು ತರಲು ಎಷ್ಟೋ ವರ್ಷ ಛೋಟಾ ಹಾಥಿಯನ್ನೇ (ಟಾಟಾ ಏಸ್) ಬಾಡಿಗೆಗೆ ಹಿಡಿಯುತ್ತಿದ್ದೆ. ಜಮಖಂಡಿಗೆ ಹೋಗಿಬರಲು ನಾಲ್ಕೂವರೆ ಸಾವಿರ, ಎತ್ತಿ ಇಳಿಸಲು ಹಮಾಲರಿಗೆ ಮುನ್ನೂರು ನಾನೂರು. ಅದರ ಮೇಲೆ, ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ತಾಸುಗಟ್ಟಲೆ ತೆವಳಿದರೆ ಚಾಲಕ ಕೇಳುವ ಹೆಚ್ಚಿನ ಹಣ ಬೇರೆ. ಒಮ್ಮೆ ಯರಗಟ್ಟಿಯ ಹತ್ತಿರ ಮಳೆ ಹಿಡಿದು, ತಾಡಪತ್ರಿ ಹರಿದು, ಮೂವತ್ತು ವರ್ಷ ನೀರು ಕಾಣದಿದ್ದ ಯೆಜ್ಡಿಯ ಟ್ಯಾಂಕಿನೊಳಗೆ ನೀರು ಹೋಯಿತು. ಮುಚ್ಚಿದ ವ್ಯಾನನ್ನೇ ತೆಗೆದುಕೊಳ್ಳಬೇಕೆಂದು ಅಂದೇ ನಿಶ್ಚಯಿಸಿದೆ.

ಮೊದಲು ನೋಡಿದ್ದು ಮಾರುತಿ ಓಮ್ನಿ. ಅದರ ತಯಾರಿಕೆ 2019ರಲ್ಲಿ ನಿಂತಿದ್ದರೂ ಹಳೆಯವು ಲಕ್ಷದ ಆಸುಪಾಸಿನಲ್ಲಿ ಸಿಗುತ್ತಿದ್ದವು. ಆದರೆ ಒಳಗಿನ ಉದ್ದ ಬಹಳ ಕಡಿಮೆ, ನಾನು ಕಂಡ ಎರಡರ ನೆಲವೂ ತುಕ್ಕು ತಿಂದು ಬೆರಳು ಒತ್ತಿದರೆ ಒಳಗೆ ಹೋಗುವಂತಿತ್ತು. ಟಾಟಾದ ದೊಡ್ಡ ವ್ಯಾನು ವಿಂಗರ್ ನನ್ನ ಕೆಲಸಕ್ಕೆ ಸರಿಯಾದದ್ದೇ, ಆದರೆ ನನ್ನ ಕಿಸೆಗೆ ಸರಿಯಾದದ್ದಲ್ಲ. ಉಳಿದದ್ದು ಮಾರುತಿಯದೇ ಇಕೋ ಕಾರ್ಗೋ. ಸೀಟಿನ ವ್ಯಾನು ಕೊಂಡು ಸೀಟು ಕಿತ್ತರೆ ಆರ್‌ಟಿಒ ತಕರಾರು ಬರುತ್ತದೆ. ಕಾರ್ಗೋದಲ್ಲಿ ಆ ಚಿಂತೆ ಇಲ್ಲ, ಸರಕು ವಾಹನವೆಂದೇ ಪಾಸಾಗಿರುತ್ತದೆ.

ಅಳತೆ ನೋಡಲು ಟೇಪು ಸಾಲದು ಎಂಬುದು ನನ್ನ ಅಭಿಪ್ರಾಯ. ಫ್ರಿಜ್ಜಿನ ದೊಡ್ಡ ರಟ್ಟಿನ ಡಬ್ಬಿಗಳನ್ನು ಅಂಟಿಸಿ, ಬುಲೆಟ್ಟಿನ ಪಕ್ಕದ ಆಕಾರವನ್ನು ಹ್ಯಾಂಡಲ್ ಸಮೇತ ಕತ್ತರಿಸಿಕೊಂಡು, ಅದನ್ನೇ ಹೊತ್ತು ಹಳೆಯ ವಾಹನಗಳ ವ್ಯಾಪಾರಿಗಳ ಬಳಿ ತಿರುಗಿದೆ. "ಏನ್ ಉಸ್ತಾದ್, ರಟ್ಟಿನ ಗಾಡಿ ಮಾರಾಕ ಹೊಂಟೀರೇನು?" ಎಂದು ನಕ್ಕವರೇ ಎಲ್ಲರೂ. ಆದರೆ ಟೇಪು ಹೇಳದ ಮಾತನ್ನು ಆ ರಟ್ಟು ಐದು ನಿಮಿಷದಲ್ಲಿ ಹೇಳಿತು. ಇಕೋದ ಹಿಂಬಾಗಿಲಿನ ತೆರಪಿನ ಎತ್ತರ ನನ್ನ ಲೆಕ್ಕದಲ್ಲಿ ಮೂರೂಕಾಲು ಅಡಿ, ಬುಲೆಟ್ಟಿನ ಹ್ಯಾಂಡಲ್ ನೆಲದಿಂದ ಮೂರೂವರೆ. ಒಳಗಿನ ಉದ್ದ ಆರಡಿಯ ಮೇಲೆ ಕೆಲವೇ ಇಂಚು, ಗಾಡಿಯದು ಹೆಚ್ಚುಕಡಿಮೆ ಏಳಡಿ. ನಮ್ಮ ಓಣಿಯ ಮೆಕ್ಯಾನಿಕ್‌ಗಳೆಲ್ಲ ಒಂದೇ ಮಾತು ಹೇಳಿದರು: "ಇದರಾಗ ಸ್ಪ್ಲೆಂಡರೂ ಹಿಡಿಯೂದಿಲ್ಲ, ಬುಲೆಟ್ ಹೆಂಗ ಹಿಡಿಸ್ತೀ?" ಆದರೂ ಮೂರು ಲಕ್ಷ ನಲವತ್ತು ಸಾವಿರದ ಸುಮಾರು ಕೊಟ್ಟು ಬಿಳಿಯ ಇಕೋ ತಂದೆ.

ಮೊದಲ ಎರಡು ತಿಂಗಳು ಅವರ ಮಾತೇ ನಿಜವಾಯಿತು. ಹ್ಯಾಂಡಲ್ ಕ್ಲಾಂಪ್ ಸಡಿಲಿಸಿ ಹ್ಯಾಂಡಲನ್ನು ಟ್ಯಾಂಕಿನ ಮೇಲೆ ಮಲಗಿಸಿ, ಗಾಡಿಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ನಿಲ್ಲಿಸಿದೆ. ಆರ್‌ಎಕ್ಸ್ ಹೇಗೋ ಕುಳಿತಿತು. ಯೆಜ್ಡಿ ಮಾತ್ರ ಓರೆಯಲ್ಲಿ ಕಟ್ಟಿದ್ದರಿಂದ ವಂಟಮುರಿ ಘಾಟಿನ ತಿರುವಿನಲ್ಲಿ ಮಗುಚಿ, ಸೀಟುಗಳ ಹಿಂದಿನ ಜಾಲರಿಗೆ ಬಡಿದು ಟ್ಯಾಂಕ್ ಒಳಕ್ಕೆ ಕುಳಿಬಿತ್ತು. ಆ ಕುಳಿ ಎತ್ತಿಸಿ ಕ್ರೋಮ್ ಹಾಕಿಸಲು ಮೂರು ಸಾವಿರದ ಹತ್ತಿರ ಹೋಯಿತು. ಆ ದಿನವೇ ಬೆಲ್ಟ್ ಕಟ್ಟಲು ನೆಲಕ್ಕೆ ಹಾಕಿದ್ದ ಒಂದು ಐ-ಬೋಲ್ಟ್ (ಬಳೆಯಂಥ ತಲೆಯ ಬೋಲ್ಟ್) ತಗಡನ್ನು ಹರಿದುಕೊಂಡು ಮೇಲೆ ಬಂದಿತ್ತು. ವ್ಯಾನಿನ ನೆಲ ತೆಳು ತಗಡು. ಬೋಲ್ಟಿನ ಕೆಳಗೆ ಅಂಗೈಯಗಲದ ದಪ್ಪ ಪ್ಲೇಟು ಕೊಡದೆ ಎಳೆದು ಕಟ್ಟಿದರೆ ಅದು ನಿಲ್ಲುವುದಿಲ್ಲ. ತೂತು ಕೊರೆಯುವ ಮುನ್ನ ಕೆಳಗೆ ಮಲಗಿ ಪೆಟ್ರೋಲ್ ಟ್ಯಾಂಕ್, ಪೈಪು ಎಲ್ಲಿವೆಯೆಂದು ನೋಡಿಕೊಳ್ಳಬೇಕೆಂದು ನಿಮಗೆ ಹೇಳಬೇಕಾಗಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಫೋರ್ಕಿನ (ಮುಂದಿನ ಗಾಲಿ ಹಿಡಿಯುವ ಜೋಡಿ ಕಂಬದ) ಸೀಲು ಬದಲಿಸಲು ಗ್ಯಾರೇಜಿನಲ್ಲಿ ಮುಂದಿನ ಗಾಲಿ ಬಿಚ್ಚಿ, ಮರದ ತುಂಡಿನ ಮೇಲೆ ಕೂರಿಸಿದ್ದ ಒಂದು ಬುಲೆಟ್. ಗಾಲಿ, ಮಡ್‌ಗಾರ್ಡ್ ಎರಡೂ ಹೋದರೆ ಉದ್ದದಲ್ಲಿ ಒಂದಡಿಗೂ ಹೆಚ್ಚು ಉಳಿತಾಯ. ಮುಂಭಾಗ ತಗ್ಗುವುದರಿಂದ ಹ್ಯಾಂಡಲ್ ಐದಾರು ಇಂಚು ಕೆಳಗೆ ಬರುತ್ತದೆ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಪರಿಚಯದವರ ಬಳಿ ದಪ್ಪ ಚಾನೆಲ್ಲಿನ ಪುಟ್ಟ ಟ್ರಾಲಿ ಮಾಡಿಸಿದೆ: ಕೆಳಗೆ ನಾಲ್ಕು ಕ್ಯಾಸ್ಟರ್ (ಎತ್ತ ಬೇಕಾದರೂ ತಿರುಗುವ ಪುಟ್ಟ ಗಾಲಿ), ಮೇಲೆ ಎರಡು ನಿಂತ ಪಟ್ಟಿ, ಅವುಗಳ ತೂತಿನಲ್ಲಿ ಗಾಡಿಯದೇ ಆಕ್ಸಲ್. ಯೆಜ್ಡಿಗೂ ಬುಲೆಟ್ಟಿಗೂ ಆಕ್ಸಲ್ ದಪ್ಪ ಬೇರೆಯಾದ್ದರಿಂದ ತೂತಿಗೆ ಹೊಂದುವ ಬುಶ್ (ಒಳಬಳೆ) ಮಾಡಿಸಿಕೊಂಡೆ. ಎಲ್ಲ ಸೇರಿ ಹದಿನೆಂಟು ನೂರು.

ಮೊದಲ ಟ್ರಾಲಿ ಕೆಲಸಕ್ಕೆ ಬರಲಿಲ್ಲ. ಆಕ್ಸಲನ್ನು ನೆಲದಿಂದ ಮೂರೇ ಇಂಚಿಗೆ ಇಟ್ಟಿದ್ದೆ. ಆಸೆ ಜಾಸ್ತಿಯಾಗಿ ಗಾಡಿ ಎಷ್ಟು ತಗ್ಗಿತೆಂದರೆ ಎಂಜಿನ್ ತಳ ನೆಲಕ್ಕೆ ಊರಿತು. ಐದು ಇಂಚಿಗೆ ಏರಿಸಿದ ಮೇಲೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಆಮೇಲೆ ನೆಲದ ಉಬ್ಬುತಗ್ಗಿನ ಗೆರೆಗಳಲ್ಲಿ ಕ್ಯಾಸ್ಟರ್ ಸಿಕ್ಕಿಕೊಂಡು ಟ್ರಾಲಿ ಅಡ್ಡ ತಿರುಗತೊಡಗಿತು. ಹನ್ನೆರಡು ಮಿ.ಮೀ. ಪ್ಲೈವುಡ್ ಹಾಸಿದೆ, ಅಡ್ಡ ತಿರುಗದಂತೆ ಇನ್ನೊಂದು ಏರ್ಪಾಟನ್ನೂ ಮಾಡಿಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಗ್ಯಾರೇಜಿಗೆ ಬಂದವರು ನೋಡಬಹುದು.

ಈಗಿನ ಕ್ರಮ ಹೀಗಿದೆ. ಗಾಡಿಯನ್ನು ಮೇನ್ ಸ್ಟ್ಯಾಂಡಿನ ಮೇಲೆ ಹಾಕಿ, ಗಾಲಿ ಬಿಚ್ಚಿ, ಟ್ರಾಲಿ ಕೂರಿಸುತ್ತೇನೆ. ವ್ಯಾನಿನ ಹಿಂಭಾಗವನ್ನು ಹೊಲದ ಬದುವಿಗೋ ರಸ್ತೆ ಪಕ್ಕದ ಏರಿಗೋ ತಗುಲಿಸಿ ನಿಲ್ಲಿಸಿದರೆ ಅರ್ಧ ಏರು ಅಲ್ಲೇ ಕಳೆಯುತ್ತದೆ. ನಾನು ಮತ್ತು ಗ್ಯಾರೇಜಿನ ಹುಡುಗ ಸೇರಿ ಫೋರ್ಕನ್ನು ಎತ್ತಿ ಟ್ರಾಲಿಯನ್ನು ವ್ಯಾನಿನ ಅಂಚಿನ ಮೇಲಿಡುತ್ತೇವೆ. ಅಲ್ಲಿಂದ ಹಿಂದಿನ ಗಾಲಿಯೊಂದೇ ವ್ಯಾನಿಗೆ ಒರಗಿಸಿದ ಹಲಗೆ ಏರಬೇಕು. ಹಲಗೆ ಐದಡಿ ಇದ್ದಾಗ ತುದಿಯಲ್ಲಿ ಮೇನ್ ಸ್ಟ್ಯಾಂಡ್ ಕೆರೆಯುತ್ತಿತ್ತು, ಮಡಚುವ ಏಳಡಿಯದು ಮಾಡಿಸಿದ ಮೇಲೆ ಆ ಕಾಟ ತಪ್ಪಿತು. ಕಟ್ಟುವಾಗ ಹ್ಯಾಂಡಲಿಗೆ ಬೆಲ್ಟ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎರಡು ಬೆಲ್ಟ್ ಫೋರ್ಕಿನ ಕಂಬಗಳನ್ನು ಜೋಡಿಸುವ ಕೆಳಗಿನ ಟಿ-ಯಿಂದ ಮುಂದಕ್ಕೆ, ಎರಡು ಹಿಂದಿನ ಶಾಕ್‌ಅಬ್ಸಾರ್ಬರ್ ಬುಡದಿಂದ ಹಿಂದಕ್ಕೆ. ಡಿಸ್ಕ್ ಬ್ರೇಕಿನ ಗಾಡಿಯಾದರೆ ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿ. ಹುಡುಗ ಅರಿಯದೆ ಬ್ರೇಕ್ ಲಿವರ್ ಒತ್ತಿ, ಬ್ರೇಕಿನ ಪಿಸ್ಟನ್ ಹೊರಬಂದು ನನಗೆ ಅರ್ಧ ದಿನ ಹಾಳಾಗಿದೆ. ಟ್ಯಾಂಕ್ ಖಾಲಿ ಮಾಡದೆ ಮುಚ್ಚಿದ ವ್ಯಾನಿಗೆ ಹಾಕಬೇಡಿ. ಹಳೆಯ ಪೆಟ್ರೋಲ್ ಕಾಕ್ ಸೋರಿದ ಒಂದು ಆರ್‌ಎಕ್ಸ್‌ನಿಂದಾಗಿ ಲೋಕಾಪುರದಿಂದ ಯರಗಟ್ಟಿಯವರೆಗೆ ಕಿಟಕಿಯ ಹೊರಗೆ ತಲೆ ಹಾಕಿ ಓಡಿಸಿದ್ದೇನೆ.

ನಡುವೆ ಒಂದು ಹುಚ್ಚು ಪ್ರಯೋಗವೂ ನಡೆಯಿತು. ಎರಡು ಆರ್‌ಎಕ್ಸ್‌ಗಳನ್ನು ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಮುಖ ಮಾಡಿ, ನಡುವೆ ಹಳೆಯ ಗಾದಿ ತುರುಕಿ ಇಂಡಿ ಪಟ್ಟಣದಿಂದ ತಂದೆ. ಬಂದವು, ಆದರೆ ಇಳಿಸಲು ಏರಿಸಿದ್ದಕ್ಕಿಂತ ಎರಡು ಪಟ್ಟು ಹೊತ್ತು ಹಿಡಿಯಿತು, ಒಂದರ ಫುಟ್‌ರೆಸ್ಟ್ ಇನ್ನೊಂದರ ಸ್ಪೋಕುಗಳಲ್ಲಿ ಸಿಕ್ಕಿತ್ತು. ಮತ್ತೆ ಮಾಡಿಲ್ಲ.

ದುಡ್ಡಿನ ಮಾತು: ಜಮಖಂಡಿಗೆ ಹೋಗಿಬರಲು ಈಗ ಪೆಟ್ರೋಲಿಗೆ ಎರಡು ಸಾವಿರದೊಳಗೆ ಆಗುತ್ತದೆ. ವರ್ಷಕ್ಕೆ ಇಪ್ಪತ್ತೈದು ಮೂವತ್ತು ಗಾಡಿ ತರುತ್ತೇನೆ; ವಿಮೆ, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ಟೈರು ಕಳೆದು ನೋಡಿದರೆ ಎರಡು ವರ್ಷದಲ್ಲಿ ಲಕ್ಷದ ಹತ್ತಿರ ಉಳಿದಿರಬಹುದು. ಅಸಲು ಇನ್ನೂ ಬಂದಿಲ್ಲ, ಒಪ್ಪುತ್ತೇನೆ. ಆದರೆ ಹೋದ ತಿಂಗಳು ತಾಳಿಕೋಟೆಯ ಬಳಿಯ ಒಂದು ತೋಟದ ಮನೆಯಿಂದ ಬುಲೆಟ್ ಏರಿಸಿ, ಕಟ್ಟಿ, ಹಿಂಬಾಗಿಲು ಹಾಕಲು ಇಪ್ಪತ್ತೈದೇ ನಿಮಿಷ ಹಿಡಿಯಿತು. ನಾಲ್ಕು ಆಳುಗಳನ್ನು ಕರೆಸಿಟ್ಟಿದ್ದ ಗೌಡರು ಬಿಚ್ಚಿದ ಗಾಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ವ್ಯಾನನ್ನು ಒಂದು ಸುತ್ತು ಹಾಕಿ, "ಇದನ್ನೆಲ್ಲಿ ಇಡ್ತೀರಿ?" ಎಂದು ಕೇಳಿದರು. ಪಕ್ಕದ ಸೀಟಿನ ಮೇಲೆ ಇಡಿಸಿ, ಸೀಟ್ ಬೆಲ್ಟ್ ಹಾಕಿಕೊಂಡು ಬಂದೆ. ಹುಡುಗ ಬಸ್ಸಿಗೆ ಬಂದ.