ಲ್ಯಾಪ್‌ಟಾಪ್ ಸ್ಕೀಮ್ಯಾಟಿಕ್ ಯಾಕೆ ಸಿಗಲ್ಲ?

ದಾವಣಗೆರೆಯ ನಮ್ಮ ರಿಪೇರಿ ಅಂಗಡಿಗೆ ಲ್ಯಾಪ್‌ಟಾಪ್ ಬಂದರೆ ನಾನು ಮೊದಲು ಹುಡುಕೋದು ಮದರ್‌ಬೋರ್ಡ್ ನಂಬರ್. ಮೇಲೆ ಯಾವ ಬ್ರ್ಯಾಂಡಿನ ಹೆಸರಿದ್ದರೂ, ಬೋರ್ಡ್ ಮೇಲೆ 'ಎಲ್‌ಎ' ಅಂತ ಶುರುವಾಗುವ ನಂಬರ್ ಇದ್ದರೆ ಅದು ಸಾಮಾನ್ಯವಾಗಿ ತೈವಾನಿನ ಕಂಪಾಲ್ ಕಂಪನಿ ಮಾಡಿದ್ದು. ಸ್ಕೀಮ್ಯಾಟಿಕ್, ಅಂದರೆ ಬೋರ್ಡಿನ ಸರ್ಕ್ಯೂಟ್ ನಕ್ಷೆ, ಸಿಕ್ಕರೆ ಆ ನಂಬರಿನಿಂದಲೇ ಸಿಗಬೇಕು.

"ಅಣ್ಣಾ, ಕಂಪನಿಗೆ ಮೇಲ್ ಹಾಕಿದ್ರೆ ಅವರೇ ಕಳಿಸಲ್ವಾ?" ಅಂತ ಇಂಜಿನಿಯರಿಂಗ್ ಹುಡುಗನೊಬ್ಬ ಕೇಳಿದ. ಕಳಿಸಲ್ಲ ಕಣಪ್ಪ. ಎಷ್ಟೋ ಸಲ ಕೊಡೋ ಹಕ್ಕು ಅವರ ಕೈಯಲ್ಲೂ ಪೂರ್ತಿ ಇರಲ್ಲ. ಬೋರ್ಡ್ ಒಬ್ಬರದ್ದು, ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ ಬಯಾಸ್ ಇನ್ನೊಬ್ಬರದ್ದು, ಪವರ್ ಬಟನ್, ಕೀಬೋರ್ಡ್ ನೋಡಿಕೊಳ್ಳುವ ಇಸಿ ಚಿಪ್ ಮತ್ತೊಬ್ಬರದ್ದು. ಗುಟ್ಟು ಬಿಡಲ್ಲ ಅಂತ ಒಬ್ಬರಿಗೊಬ್ಬರು ಸಹಿ ಹಾಕಿಕೊಂಡಿರುತ್ತಾರೆ.

ಇನ್ನೊಂದು ನಕಲಿನ ಭಯ. ಅದು ಸುಮ್ನೆ ಬಂದಿದ್ದಲ್ಲ. 1981ರಲ್ಲಿ ಐಬಿಎಂ ತನ್ನ ಪಿಸಿಯ ಸರ್ಕ್ಯೂಟ್ ಜೊತೆ ಬಯಾಸ್ ಕೋಡನ್ನೂ ಪುಸ್ತಕದಲ್ಲಿ ಅಚ್ಚು ಹಾಕಿಸಿ ಮಾರಿತು. ಕೋಡ್ ಕದಿಯದೆ, ಅದೇ ಕೆಲಸ ಮಾಡುವ ಬಯಾಸನ್ನು ಕಾಂಪ್ಯಾಕ್ ಕಂಪನಿ ಹೊಸದಾಗಿ ಬರೆಸಿತು. 1983ಕ್ಕೆ ಅವರ ಮಷಿನ್ ಅಂಗಡಿಗೆ ಬಂತು. ಹಿಂದೆಯೇ ಇನ್ನೆಷ್ಟೋ ಕಂಪನಿಗಳು. ನಮಗೆಲ್ಲ ಅಗ್ಗದ ಪಿಸಿ ಸಿಕ್ಕಿತು, ಐಬಿಎಂ ಮಾರುಕಟ್ಟೆ ಕಳೆದುಕೊಂಡಿತು. ಆಮೇಲೆ 1987ರ ಪಿಎಸ್/2 ಪಿಸಿಗಳಲ್ಲಿ ಮೈಕ್ರೋ ಚಾನೆಲ್ ಅನ್ನೋ, ಕಾರ್ಡ್ ಜೋಡಿಸುವ ಹೊಸ ವ್ಯವಸ್ಥೆ ತಂದು, ಲೈಸೆನ್ಸ್ ಇಲ್ಲದೆ ಮುಟ್ಟಬೇಡಿ ಅಂತು.

ಆದರೆ ಹತ್ತು ವರ್ಷದ ಹಳೇ ಲ್ಯಾಪ್‌ಟಾಪ್ ಬೋರ್ಡನ್ನು ಈಗ ಯಾರು ನಕಲು ಮಾಡ್ತಾರೆ? ಅಲ್ಲಿ ಭಯಕ್ಕಿಂತ ಹೊಸದನ್ನು ಮಾರುವ ಆಸೆಯೇ ಜಾಸ್ತಿ ಅಂತ ನನ್ನ ಲೆಕ್ಕ.

ಆ ಹುಡುಗನ ಲ್ಯಾಪ್‌ಟಾಪಿಗೆ ಸ್ಕೀಮ್ಯಾಟಿಕ್ ಸಿಗಲೇ ಇಲ್ಲ. ಚಾರ್ಜರ್ ಹಾಕಿದರೆ ಲೈಟ್ ಬರ್ತಿರಲಿಲ್ಲ. ಜ್ಯಾಕ್‌ನಲ್ಲಿ 19 ವೋಲ್ಟ್ ಇದೆ, ಕರೆಂಟ್ ಬಿಡುವ-ತಡೆಯುವ ಸ್ವಿಚ್ಚಿನಂಥ ಮೊದಲ ಮಾಸ್‌ಫೆಟ್ ದಾಟಿದರೆ ಏನೂ ಇಲ್ಲ. ಲೆನ್ಸ್ ಇಟ್ಟು ನೋಡಿದೆ, ಚಾರ್ಜಿಂಗ್ ಐಸಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಕ್ಯೂ24725ಎ. ಪುಣ್ಯಕ್ಕೆ ಅವರು ಡೇಟಾಶೀಟ್, ಅಂದರೆ ಚಿಪ್ಪಿನ ವಿವರದ ಹಾಳೆ, ಮುಚ್ಚಿಡಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎಸಿಡೆಟ್ ಪಿನ್‌ನಲ್ಲಿ 2.4 ವೋಲ್ಟ್‌ಗಿಂತ ಜಾಸ್ತಿ ಇದ್ದರೆ ಮಾತ್ರ ಅಡಾಪ್ಟರ್ ಬಂದಿದೆ ಅಂತ ಚಿಪ್ ಒಪ್ಪುತ್ತದೆ, ಆಗಲೇ ಮಾಸ್‌ಫೆಟ್ ತೆರೆಯುತ್ತದೆ. ಮೀಟರ್ ಇಟ್ಟರೆ ಒಂದು ವೋಲ್ಟೂ ಇಲ್ಲ. ಆ ಪಿನ್ನಿಗೆ ಬರುವ ಸಾಸಿವೆಯಷ್ಟು ರೆಸಿಸ್ಟರ್ ನೀರು ಬಿದ್ದು ಹಸಿರುಗಟ್ಟಿತ್ತು. ಗುಜರಿ ಬೋರ್ಡಿನಿಂದ ಅಷ್ಟೇ ಓಮ್‌ನ ರೆಸಿಸ್ಟರ್ ತೆಗೆದು ಕೂರಿಸಿದೆ. ಲೈಟ್ ಬಂತು.

ಇಸಿ ಚಿಪ್ ಹೋಗಿದ್ದರೆ ಈ ಆಟ ನಡೆಯಲ್ಲ. ಕೆಲವದರ ಪ್ರೋಗ್ರಾಂ ಚಿಪ್ಪಿನ ಒಳಗೇ ಇರುತ್ತೆ, ಖಾಲಿ ಚಿಪ್ ತಂದು ಕೂರಿಸಿ ಪ್ರಯೋಜನ ಇಲ್ಲ. ಅಂಥದಕ್ಕೆ ಬೋರ್ಡೇ ಬದಲಿಸಬೇಕು ಅಂತ ಗಿರಾಕಿಗೆ ಮೊದಲೇ ಹೇಳಿಬಿಡ್ತೀನಿ.