ಪಾತ್ರಕ್ಕೆ ಎಕ್ಸ್‌ಪಿ, ಆಡುವವನಿಗೆ ಕವಡೆ

"ಕವಡೆ ಇಟ್ಕೊಂಡು ಡ್ರ್ಯಾಗನ್ ಹೊಡೀತೀರಾ? ಇದೇನು ಚೌಕಾಬಾರನಾ?" ಅಂತ ನಕ್ಕವನೇ ಹೋದ ತಿಂಗಳು ಫೋನ್ ಮಾಡಿ ಕವಡೆ ಎಲ್ಲಿ ಸಿಗುತ್ತೆ ಅಂತ ಕೇಳಿದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಜಯನಗರದ ಒಂದು ಮಹಡಿ ಮನೆಯಲ್ಲಿ ಭಾನುವಾರದ ಆಟ. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್), ಅಂದರೆ ಒಬ್ಬೊಬ್ಬರೂ ಒಂದೊಂದು ಪಾತ್ರ ಹೊತ್ತು, ಡೈಸ್ ಉರುಳಿಸುತ್ತಾ ಕಥೆ ಕಟ್ಟುವ ಆಟ; 5ನೇ ಎಡಿಷನ್, 2014ರ ಪುಸ್ತಕ. ಕಥೆ ನಡೆಸುವ ಡಿಎಂ ನಾನು, ಆಡುವವರು ಐದು ಜನ. ಎರಡಕ್ಕೆ ಬನ್ನಿ ಅಂದರೆ ಮೂರೂವರೆಗೆ ಬರುವ ಪೈಕಿ.

ಇದನ್ನು ಸರಿಮಾಡೋಣ ಅಂತ ಎಕ್ಸ್‌ಪಿ ಹಂಚಿದೆ. ಅಂದರೆ ಪಾತ್ರದ ಅನುಭವದ ಅಂಕ; ಕೂಡಿದ ಹಾಗೆ ಪಾತ್ರ ಲೆವೆಲ್ ಏರಿ ಬಲಿಯುತ್ತೆ. ಹೊತ್ತಿಗೆ ಬಂದರೆ 100, ಹಿಂದಿನ ಸೆಷನ್‌ನ ಕಥೆ ಬರೆದು ತಂದರೆ 50. ಮೊದಮೊದಲು ಚೆನ್ನಾಗಿಯೇ ಇತ್ತು. ಮೂರ್ನಾಲ್ಕು ತಿಂಗಳಾಗುವಷ್ಟರಲ್ಲಿ ಮಂತ್ರವಾದಿ ಪಾತ್ರ ವಿಝರ್ಡ್ 6,500 ದಾಟಿ 5ನೇ ಲೆವೆಲ್‌ಗೆ ಹೋಗಿ ಫೈರ್‌ಬಾಲ್ ಎಸೆಯುತ್ತಿದ್ದ. ಯೋಧನ ಪಾತ್ರ ಪಲಾಡಿನ್ ಇನ್ನೂ 4ರಲ್ಲೇ ಒಂದೊಂದೇ ಏಟು ಹಾಕುತ್ತಿದ್ದ. ಅವನನ್ನು ಆಡುವವನಿಗೆ ನೈಟ್ ಶಿಫ್ಟ್. "ನಿದ್ದೆಗೆಟ್ಟವನು ನಾನು. ನನ್ನ ಪಲಾಡಿನ್ ಏನಪ್ಪಾ ಮಾಡಿದ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಎರಡು ವಾರ ಅವನು ಬರಲೇ ಇಲ್ಲ.

ಸರಿ, ಪಾತ್ರ ಬೇಡ, ಆಡುವವರಿಗೇ ಕೊಡೋಣ ಅಂತ ಬಹುಮಾನ ಶುರುಮಾಡಿದೆ. ಲೋಹದ ಡೈಸ್ ಸೆಟ್ಟು, ಎರಡು ಮಿನಿಯೇಚರ್ (ಪಾತ್ರದ ಪುಟ್ಟ ಗೊಂಬೆ), ಬಣ್ಣ, ಎಲ್ಲಾ ಸೇರಿ ಐದಾರು ಸಾವಿರ ಕೈಬಿಟ್ಟಿತು. ಚೆನ್ನಾಗಿ ಆಡಿದವರಿಗೆ ಓಟು ಹಾಕಿ ಅಂದೆ. ನಾಲ್ಕರಲ್ಲಿ ಮೂರು ಸಲ ಹಾಡುಗಾರನ ಪಾತ್ರ ಬಾರ್ಡ್ ಆಡುವವನೇ ಗೆದ್ದ. ಗೆದ್ದಷ್ಟೂ ಮಾತು ಉದ್ದವಾಯಿತು. ಒಂದು ಸಲ ಛತ್ರದವನ ಜೊತೆ ಎರಡು ಬೆಳ್ಳಿ ನಾಣ್ಯಕ್ಕೆ ನಲವತ್ತು ನಿಮಿಷ ಚೌಕಾಸಿ! ಉಳಿದವರು ಫೋನ್ ನೋಡುತ್ತಾ ಕೂತಿದ್ದರು.

ಚೆನ್ನಾಗಿ ಆಡಿದವರಿಗೆ ಡಿಎಂ ಕೊಡುವ, ಡೈಸ್ ಉರುಳಿಸುವಾಗ ಅನುಕೂಲಕ್ಕೆ ಬರುವ ಇನ್‌ಸ್ಪಿರೇಷನ್ ಪುಸ್ತಕದಲ್ಲೇ ಇದೆಯಲ್ಲ ಅನ್ನಬಹುದು. ಇದೆ. ಆದರೆ ಒಂದಕ್ಕಿಂತ ಜಾಸ್ತಿ ಕೂಡಿಡುವ ಹಾಗಿಲ್ಲ. ಕೈಯಲ್ಲಿ ಏನೂ ಇಲ್ಲದ ಕಾರಣ ಕೊಟ್ಟ ನಾನೂ ಮರೆಯುತ್ತಿದ್ದೆ, ತಗೊಂಡವರೂ ಮರೆಯುತ್ತಿದ್ದರು.

ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಿಂದ ನಲವತ್ತು ಕವಡೆ ತಂದೆ. ಇನ್ನೂರು ರೂಪಾಯಿ ಆಸುಪಾಸು. ಕಥೆಯೊಳಗೆ ಪಾತ್ರ ಮಾಡಿದ್ದಕ್ಕೆ ಎಕ್ಸ್‌ಪಿ, ಚಿನ್ನ. ಎಕ್ಸ್‌ಪಿ ಐವರಿಗೂ ಸಮ, ಬರದವರಿಗೂ. ಟೇಬಲ್ ಸುತ್ತ ಆಡುವವನು ಮಾಡಿದ್ದಕ್ಕೆ ಕವಡೆ. ಒಂದು ಕವಡೆ ಕೊಟ್ಟರೆ ಯಾರದ್ದೇ ಡಿ20 (ಇಪ್ಪತ್ತು ಮುಖದ ಡೈಸ್) ಆಗಲಿ, ಮತ್ತೆ ಉರುಳಿಸಬಹುದು. ನಾನು ಫಲಿತಾಂಶ ಹೇಳುವ ಮೊದಲೇ ಕೊಡಬೇಕು. ಮೂರಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ.

1974ರ ಮೊದಲ ಡಿ ಅಂಡ್ ಡಿ ಶೈಲಿಯಲ್ಲಿ ಆಡಿಸುವ ಗೆಳೆಯನೊಬ್ಬ ಇದನ್ನು ಒಪ್ಪಲೇ ಇಲ್ಲ. ಅದರಲ್ಲಿ ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ. ಆಡುವವನ ಬುದ್ಧಿಗೆ ಪಾತ್ರಕ್ಕೇ ಸಂಬಳ, ಬೇರೆ ಮಾಡೋದ್ಯಾಕೆ ಅಂತ ಅವನ ವಾದ. ಬುದ್ಧಿಗೆ ಸರಿ ಕಣಯ್ಯಾ, ಬಸ್ ಸಿಕ್ಕಿದ್ದಕ್ಕೂ ಪಾತ್ರಕ್ಕೆ ಸಂಬಳನಾ?

ಪಲಾಡಿನ್ ಸತ್ತ ದಿನ ನನಗೆ ಇದು ಗಟ್ಟಿ ಅನ್ನಿಸಿತು. ಸೇತುವೆ ಮುರಿದು ಬಿದ್ದ. ಆಡುವವನು ಕ್ಯಾರೆಕ್ಟರ್ ಶೀಟ್ ಮಡಚಿಟ್ಟ, ಎರಡು ಕವಡೆ ಮಾತ್ರ ಜೇಬಿಗೆ ಹಾಕಿಕೊಂಡ. "ಸತ್ತಿದ್ದು ಅವನು, ನಾನಲ್ಲ." ಮುಂದಿನ ವಾರ ಹೊಸ ರೇಂಜರ್ ಜೊತೆ ಬಂದ. ಬಾರ್ಡ್ ಕೊನೆಯ ಡೆತ್ ಸೇವ್‌ನಲ್ಲಿ (ಸಾಯುತ್ತಿರುವ ಪಾತ್ರ ಉಳಿಯಲು ಉರುಳಿಸುವುದು, ಹತ್ತಾದರೂ ಬೀಳಬೇಕು) 4 ಉರುಳಿಸಿದಾಗ ಇವನು ಮಾತೇ ಆಡದೆ ತನ್ನದೊಂದು ಕವಡೆ ತಳ್ಳಿದ. ಎರಡನೇ ಸಲ 17 ಬಿತ್ತು.

ಕವಡೆ ಹೇಗೂ ಇದೆಯಲ್ಲ ಅಂತ ಬೇರೆ ಹೊಸಬರ ಗುಂಪಿನಲ್ಲಿ ಒಂದು ತರಲೆಯನ್ನೂ ಮಾಡಿದೆ. ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸರು ಎಷ್ಟು ಬರುತ್ತಾರೆ ಅನ್ನೋದಕ್ಕೆ ಚೌಕಾಬಾರದ ಹಾಗೆ ನಾಲ್ಕು ಕವಡೆ ಎಸೆದೆ. ನಾಲ್ಕೂ ಬೋರಲು, ಅಂದರೆ ಎಂಟು. 2ನೇ ಲೆವೆಲ್‌ನ ಮೂವರ ಮೇಲೆ ಎಂಟು ಗಾಬ್ಲಿನ್! ಅದನ್ನು ಅಲ್ಲಿಗೇ ಬಿಟ್ಟೆ.

ಯಾವುದಕ್ಕೆಲ್ಲ ಕವಡೆ ಕೊಡುತ್ತೇನೆ? ಹೊತ್ತಿಗೆ ಬಂದಿದ್ದಕ್ಕೆ, ಕಥೆ ಬರೆದಿದ್ದಕ್ಕೆ, ಸುಮ್ನೆ ಕೂತವನನ್ನು ಮಾತಿಗೆಳೆದಿದ್ದಕ್ಕೆ. ಇನ್ನೂ ಎರಡು ಕಾರಣ ಇವೆ, ಹೇಳಲ್ಲ. ನಮ್ಮವರೂ ಇದನ್ನು ಓದುತ್ತಾರೆ.

ಈಗ ಎರಡೂಕಾಲಿಗೆ ಆಟ ಶುರುವಾಗುತ್ತೆ. ನಲವತ್ತು ಕವಡೆಯಲ್ಲಿ ಮೂವತ್ತಾರು ಉಳಿದಿವೆ. ಬಾರ್ಡ್ ಆಡುವವನ ಮೇಲೆ ನನಗೆ ಗುಮಾನಿ.