ಮೆದುಳಿಲ್ದೇ ಇರೋ ಜೀವಕೋಶ ದಾರಿ ಹುಡುಕೋದನ್ನ ಮನೇಲೇ ನೋಡೋದು ಹೇಗೆ

ಮಳೆಗಾಲದಲ್ಲಿ ಕೊಳೆತ ದಿಮ್ಮಿ ಮೇಲೆ ಹಳದಿ ಲೋಳೆ ಹರಡಿದ್ರೆ ಅದು ಸ್ಲೈಮ್ ಮೋಲ್ಡ್ ಅನ್ನೋ ಮೆದುಳಿಲ್ದ ಜೀವಿ ಇರಬಹುದು (ಲಾಲ್‌ಬಾಗಿಂದ ಎತ್ಕೊಂಡ್ ಬರಬೇಡಿ ಮತ್ತೆ, ನಿಮ್ಮನೆ ಹಿತ್ತಲು ಸಾಕು). ಚೈನಾ ಗ್ರಾಸ್‌ನ ಸಕ್ಕರೆ ಹಾಕದೆ ಬರೀ ನೀರಲ್ಲಿ ಕುದಿಸಿ ಅಗಲ ಡಬ್ಬಿಗೆ ಹುಯ್ದು, ಗಟ್ಟಿಯಾದ್ಮೇಲೆ ಒಂದ್ ಮೂಲೇಲಿ ಲೋಳೆ ಚೂರು, ಅಲ್ಲಲ್ಲಿ ಓಟ್ಸ್ ಇಟ್ಟು ಕತ್ತಲೇಲಿ ಮುಚ್ಚಿಡಿ, ಬೆಳಕು ಅದಕ್ಕಾಗಲ್ಲ. ದಿನಾ ಫೋಟೋ ತೆಗೀರಿ.

ಇಷ್ಟೆಲ್ಲಾ ಒಂದೇ ಕೋಶ ಕಣ್ರೀ! ಮೊದಲು ಬೀಸಣಿಗೆ ಆಕಾರದಲ್ಲಿ ಹರಡುತ್ತೆ, ಓಟ್ಸ್ ಸಿಕ್ಮೇಲೆ ಊಟ ಸಾಗೋ ನಾಳ ದಪ್ಪ ಆಗುತ್ತೆ, ಬೇಡದ್ದು ಸೊರಗುತ್ತೆ. ಬಿಟ್ಟುಹೋದ ಲೋಳೆ ಗುರುತೇ ಅದರ ನೆನಪು, ಅಲೆದ ಜಾಗಕ್ಕೆ ಮತ್ತೆ ಹೋಗೋದು ಕಮ್ಮಿ. 2010ರಲ್ಲಿ ಜಪಾನಲ್ಲಿ ವಿಜ್ಞಾನಿಗಳು ಟೋಕಿಯೋ ಸುತ್ತಲಿನ ಊರುಗಳ ಮ್ಯಾಪ್ ಪ್ರಕಾರ ಓಟ್ಸ್ ಇಟ್ಟಾಗ ಇದು ಅಲ್ಲಿನ ರೈಲು ಜಾಲವನ್ನೇ ಹೋಲೋ ನೆಟ್‌ವರ್ಕ್ ಕಟ್ಟಿತ್ತು. ನೀವು ಮೆಜೆಸ್ಟಿಕ್, ಸಿಲ್ಕ್ ಬೋರ್ಡ್, ಹೆಬ್ಬಾಳದ ಮ್ಯಾಪ್ ಪ್ರಕಾರ ಇಟ್ಟು ನೋಡಿ, ಟ್ರಾಫಿಕ್ ಪೊಲೀಸರಿಗೂ ತೋರಿಸಬಹುದು.